ತಾರಸಿಯ ಮೇಲೆ ಬಿಟ್ಟ ಕಂಬಿ

ಒಂದಂತಸ್ತಿನ ಮನೆ ಕಟ್ಟಿಸಿದವರು ತಾರಸಿಯ ಮೂಲೆಗಳಲ್ಲಿ ಪಿಲ್ಲರ್ ಕಂಬಿಗಳನ್ನು ಕತ್ತರಿಸದೆ ಹಾಗೇ ಮೇಲಕ್ಕೆ ಬಿಟ್ಟಿರುತ್ತಾರೆ. ಇಂದಲ್ಲ ನಾಳೆ ಕೈಯಲ್ಲಿ ನಾಲ್ಕು ಕಾಸು ಸೇರಿದಾಗ ಮಹಡಿ ಏರಿಸುವ ಆಸೆ. ಆ ಕಂಬಿಗೆ ತಗಲುವ ಖರ್ಚು ಅಲ್ಪ. ಆದರೆ ಕೆಳಗಿನ ಪಾಯ ಎರಡು ಮಹಡಿ ಹೊರುವಂತಿದ್ದರೆ ಮಾತ್ರ ಅದಕ್ಕೆ ಅರ್ಥ. ಕಡಿಮೆ ದುಡ್ಡಿನಲ್ಲಿ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟವರಿಗೆ ನಾನು ಹೇಳುವುದೂ ಇಷ್ಟೇ: ಮೊದಲ ದುಡ್ಡು ಪಾಯಕ್ಕೆ ಹಾಕಿ, ಮಹಡಿ ಆಮೇಲೆ ನೋಡೋಣ.

2018ರಲ್ಲಿ, ಕಂಪ್ಯೂಟರಿನ ಬಿಡಿಭಾಗಗಳು ಸಿಗುವ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ನಾನು ಕೊಂಡದ್ದು ಉಳಿದ ಭಾಗಗಳೆಲ್ಲ ಕೂರುವ ಬಿ450 ಚಿಪ್‌ಸೆಟ್‌ನ ಮದರ್‌ಬೋರ್ಡ್, ಎಎಂಡಿ ಕಂಪನಿಯ ರೈಜನ್ 5 2600 ಪ್ರೊಸೆಸರ್, 8 ಜಿಬಿಯ ಒಂದೇ ಒಂದು ರ್ಯಾಮ್ ಸ್ಟಿಕ್, 4 ಜಿಬಿಯ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, ಜೊತೆಗೆ ಇವೆಲ್ಲಕ್ಕೂ ವಿದ್ಯುತ್ ಒದಗಿಸುವ ಪೆಟ್ಟಿಗೆ, ಅಂದರೆ 550 ವಾಟ್‌ನ ಎಸ್‌ಎಂಪಿಎಸ್. ಪಟ್ಟಿ ನೋಡಿದ ಅಂಗಡಿಯವರು, ‘ಈ ಕಾರ್ಡಿಗೆ ಅಷ್ಟು ದೊಡ್ಡ ಎಸ್‌ಎಂಪಿಎಸ್ ಯಾಕೆ? ಅದರಲ್ಲಿ ಉಳಿಸಿ ಕಾರ್ಡಿಗೆ ಹಾಕಿ’ ಎಂದರು. ಅವರ ಲೆಕ್ಕ ತಪ್ಪಲ್ಲ. 1050 ಟಿಐ 75 ವಾಟ್‌ನಲ್ಲಿ ಕೆಲಸ ಮುಗಿಸುವ ಕಾರ್ಡ್. ನನ್ನದಕ್ಕೆ ಬೇರೆ ಪವರ್ ವೈರ್ ಕೂಡ ಬೇಕಿರಲಿಲ್ಲ, ಬೋರ್ಡಿನ ಸ್ಲಾಟಿನಿಂದಲೇ ಎಳೆದುಕೊಳ್ಳುತ್ತಿತ್ತು. ಆದರೆ ನಾನು ಎಸ್‌ಎಂಪಿಎಸ್ ಕೊಳ್ಳುತ್ತಿದ್ದದ್ದು ಆ ಕಾರ್ಡಿಗಲ್ಲ, ಅದರ ಜಾಗಕ್ಕೆ ಮುಂದೆ ಬರುವ ಕಾರ್ಡಿಗೆ.

ಪಾಯ ಎಂದರೆ ಮೊದಲಿಗೆ ಸಾಕೆಟ್. ಪ್ರೊಸೆಸರ್ ಕೂರುವ ಈ ಚೌಕದಲ್ಲಿ ಯಾವ ಪಿನ್ನಿಗೆ ವಿದ್ಯುತ್, ಯಾವುದಕ್ಕೆ ಮೆಮೊರಿಯ ಸಂಕೇತ ಎಂಬುದೆಲ್ಲ ಮೊದಲೇ ಗೊತ್ತುಮಾಡಿರುತ್ತದೆ. ಎಎಂಡಿಯ ಎಎಂ4 ಸಾಕೆಟ್‌ಗೆ ಇಂಥ 1331 ಪಿನ್ನುಗಳು. 2017ರಲ್ಲಿ ಮೊದಲ ರೈಜನ್‌ಗಳು ಕೂತದ್ದು ಇದರಲ್ಲಿ. 2024ರಲ್ಲೂ ಇದಕ್ಕೆಂದೇ ಹೊಸ ಪ್ರೊಸೆಸರ್‌ಗಳು ಬಂದವು. ಇಂಟೆಲ್‌ನದು ಬೇರೆಯೇ ರೂಢಿ. 2017ರ ಕೊನೆಗೆ ಬಂದ ಅದರ 8ನೇ ತಲೆಮಾರಿನ ಪ್ರೊಸೆಸರ್‌ಗಳಲ್ಲಿ ಹಿಂದಿನಂತೆ 1151 ಸಂಪರ್ಕ ಬಿಂದುಗಳೇ ಇದ್ದವು, ಆದರೂ ಅದೇ ವರ್ಷದ ಆರಂಭದಲ್ಲಿ ಮಾರುಕಟ್ಟೆಗೆ ಬಂದಿದ್ದ ಬೋರ್ಡ್‌ಗಳು ಅವನ್ನು ಒಪ್ಪಿಕೊಳ್ಳಲಿಲ್ಲ. ಹತ್ತೇ ತಿಂಗಳಲ್ಲಿ ಪಾಯ ಹಳತಾಗಿತ್ತು.

ಎಎಂ4 ಕೂಡ ತಂತಾನೇ ಇಷ್ಟು ಕಾಲ ಬಾಳಲಿಲ್ಲ. 2020ರ ಮೇ ತಿಂಗಳಲ್ಲಿ ಎಎಂಡಿ, ಮುಂದೆ ಬರುವ ಝೆನ್ 3 ತಲೆಮಾರಿನ ರೈಜನ್ ಪ್ರೊಸೆಸರ್‌ಗಳು ನನ್ನ ಬಿ450 ಕೂಡ ಸೇರಿರುವ 400 ಸರಣಿಯ ಬೋರ್ಡ್‌ಗಳಲ್ಲಿ ನಡೆಯುವುದಿಲ್ಲ ಎಂದಿತ್ತು. ಕೊಟ್ಟ ಕಾರಣ, ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ಬಯೋಸ್ ಎಂಬ ತಂತ್ರಾಂಶ ಇರುವ ಚಿಪ್‌ನ ಜಾಗ. ಹಲವು ಬೋರ್ಡ್‌ಗಳಲ್ಲಿ ಅದು ಬರೀ 16 ಎಂಬಿ. ಬೋರ್ಡು ಗುರುತಿಸಬೇಕಾದ ಪ್ರತಿಯೊಂದು ಪ್ರೊಸೆಸರಿನ ವಿವರವೂ ಅಷ್ಟರಲ್ಲೇ ಹಿಡಿಯಬೇಕು. ಕೊಂಡವರು ಸುಮ್ಮನಿರಲಿಲ್ಲ, ಜಗತ್ತಿನಾದ್ಯಂತ ಗದ್ದಲ ಎಬ್ಬಿಸಿದರು. ಅದೇ ತಿಂಗಳಲ್ಲಿ ಕಂಪನಿ ಮಾತು ಬದಲಿಸಿತು. ನನ್ನ ಬಿ450 ಬೋರ್ಡ್ ಇವತ್ತಿಗೂ ಮೇಜಿನ ಮೇಲಿದ್ದರೆ ಆ ಗದ್ದಲವೇ ಕಾರಣ. ಆ ಜನರಿಗೆ ನಾನು ಋಣಿ.

2024ರಲ್ಲಿ ಆ ಬೋರ್ಡಿಗೇ ಝೆನ್ 3 ತಲೆಮಾರಿನ ರೈಜನ್ 7 5700ಎಕ್ಸ್3ಡಿ ಕೂರಿಸಿದೆ. ಇಲ್ಲಿರುವ ವಿಜ್ಞಾನ ನನಗೆ ತುಂಬ ಇಷ್ಟ. ಡಬ್ಬಿಯ ಮೇಲೆ ನೋಡಿದರೆ ಹಳೆಯ 2600ರ ಗರಿಷ್ಠ ವೇಗ 3.9 ಗಿಗಾಹರ್ಟ್ಸ್, ಹೊಸದರದ್ದು 4.1. ವ್ಯತ್ಯಾಸ ನೂರಕ್ಕೆ ಐದರಷ್ಟು. ಆದರೆ ಆಟದಲ್ಲಿ, ಅದರಲ್ಲೂ ನೂರಾರು ಪಾತ್ರಗಳು ಓಡಾಡುವ ದೊಡ್ಡ ಊರಿನೊಳಗೆ ಹೊಕ್ಕಾಗ, ಇದು ಬೇರೆಯೇ ಯಂತ್ರ. ಲೆಕ್ಕ ಮಾಡುವ ಘಟಕಗಳಾದ ಕೋರ್‌ಗಳು ಎರಡು ಹೆಚ್ಚಿವೆ, ಒಂದೊಂದು ಕೋರೂ ಹಿಂದಿನದಕ್ಕಿಂತ ಚುರುಕು, ಅದು ನಿಜ. ಆದರೆ ಆಟದಲ್ಲಿ ದೊಡ್ಡ ಪಾಲು ಕ್ಯಾಶೆಯದು.

4 ಗಿಗಾಹರ್ಟ್ಸ್ ಎಂದರೆ ಪ್ರೊಸೆಸರಿನ ಒಂದು ಮಿಡಿತಕ್ಕೆ ಕಾಲು ನ್ಯಾನೋಸೆಕೆಂಡ್. ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ ಓಡುವುದು ಏಳೂವರೆ ಸೆಂಟಿಮೀಟರ್ ಮಾತ್ರ. ಇಂಥ ಪ್ರೊಸೆಸರ್ ರ್ಯಾಮ್‌ನಿಂದ ಒಂದು ಮಾಹಿತಿ ತರಿಸಿಕೊಳ್ಳಲು ಸುಮಾರು 80 ನ್ಯಾನೋಸೆಕೆಂಡ್ ಕಾಯುತ್ತದೆ. ಅಂದರೆ ಮುನ್ನೂರಕ್ಕೂ ಹೆಚ್ಚು ಮಿಡಿತಗಳು ವ್ಯರ್ಥ. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಚಿಟಿಕೆ ಉಪ್ಪಿಗೆ ಪ್ರತಿ ಸಲ ಸಂತೆಗೆ ಹೋಗಿ ಬಂದ ಹಾಗೆ. ಅದಕ್ಕೇ ಪ್ರೊಸೆಸರಿನೊಳಗೆ ಕ್ಯಾಶೆ ಎಂಬ ಪುಟ್ಟ ಉಗ್ರಾಣ ಇಟ್ಟಿರುತ್ತಾರೆ. ಅಲ್ಲಿಂದ ತರುವುದು ಹತ್ತಾರು ಮಿಡಿತಗಳ ಕೆಲಸ. ವಿಡಿಯೊ ನೋಡುವಾಗ ಮುಂದೇನು ಬೇಕೆಂದು ಊಹಿಸಬಹುದು. ಆಟದಲ್ಲಿ ಆಡುವವರು ಯಾವ ಕಡೆ ತಿರುಗುತ್ತಾರೋ, ಯಾವ ಬಾಗಿಲು ತೆರೆಯುತ್ತಾರೋ, ಬೇಕಾದ ಮಾಹಿತಿ ಎಲ್ಲೆಂದರಲ್ಲಿ ಚದುರಿರುತ್ತದೆ. 2600ರಲ್ಲಿ ಈ ಉಗ್ರಾಣ 16 ಎಂಬಿ, 5700ಎಕ್ಸ್3ಡಿಯಲ್ಲಿ 96 ಎಂಬಿ. ಅದರಲ್ಲಿ 64 ಎಂಬಿ ಪ್ರೊಸೆಸರಿನ ಬೆನ್ನ ಮೇಲೆ ಇನ್ನೊಂದು ಚಿಪ್ ಆಗಿ, ತಾಮ್ರಕ್ಕೆ ತಾಮ್ರ ಬೆಸೆದು ಕೂತಿದೆ. ಅಕ್ಷರಶಃ ಇನ್ನೊಂದು ಮಹಡಿ. ಸೆಕೆಂಡಿಗೆ 60 ಚಿತ್ರ ಬೇಕಾದರೆ ಒಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಸಂತೆಗೆ ಓಡಾಟ ಕಡಿಮೆಯಾದಷ್ಟೂ ಚಿತ್ರ ಹೊತ್ತಿಗೆ ಸರಿಯಾಗಿ ಬರುತ್ತದೆ, ಆಟ ತಡವರಿಸುವುದು ನಿಲ್ಲುತ್ತದೆ.

ಬದಲಾಯಿಸಿದ ದಿನ ಕಲಿತ ಎರಡು ವಿಷಯ ಹೇಳಿಬಿಡುತ್ತೇನೆ. ಹಳೆ ಪ್ರೊಸೆಸರ್ ತೆಗೆಯುವ ಮೊದಲೇ ಬಯೋಸ್ ಅಪ್‌ಡೇಟ್ ಮಾಡಬೇಕು, ಯಾಕೆಂದರೆ ಹಳೆ ಬಯೋಸ್‌ಗೆ ಹೊಸ ಪ್ರೊಸೆಸರಿನ ಗುರುತೇ ಇರುವುದಿಲ್ಲ, ಪರದೆ ಕಪ್ಪಗೇ ಇರುತ್ತದೆ. ಪೆನ್‌ಡ್ರೈವ್ ಚುಚ್ಚಿ, ಯುಪಿಎಸ್ ತುಂಬಿದೆಯೇ ಎಂದು ಎರಡೆರಡು ಸಲ ನೋಡಿ ಶುರುಮಾಡಿದೆ. ನಡುವೆ ಕರೆಂಟ್ ಹೋದರೆ ಬೋರ್ಡು ಮೇಲೇಳದೇ ಹೋಗಬಹುದು. ಶೇಕಡಾವಾರು ಪಟ್ಟಿ ನೂರು ಮುಟ್ಟುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ. ಎರಡನೆಯದು ಪ್ರೊಸೆಸರಿನ ಬಿಸಿ ಇಳಿಸುವ ಕೂಲರ್ ತೆಗೆಯುವುದು. ಬಿಸಿ ದಾಟಿಸಲು ಎರಡರ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಆರು ವರ್ಷ ಒಣಗಿ ಅಂಟಿನಂತೆ ಹಿಡಿದಿರುತ್ತದೆ. ನೇರ ಮೇಲಕ್ಕೆ ಎಳೆದರೆ ಸಾಕೆಟ್‌ನ ಲಿವರ್ ಹಾಕಿದ್ದಾಗಲೂ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡೇ ಕಿತ್ತು ಬರಬಹುದು, ಪಿನ್ನುಗಳು ಬಾಗಬಹುದು. ಹತ್ತು ನಿಮಿಷ ಆಟ ಆಡಿ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುವಿದೆ. ಚಪ್ಪರಿಸಿದಂಥ ಒಂದು ಸಣ್ಣ ಸದ್ದಿನೊಂದಿಗೆ ಬಿಟ್ಟುಕೊಂಡಿತು.

ಗ್ರಾಫಿಕ್ಸ್ ಕಾರ್ಡಿನ ವಿಷಯಕ್ಕೆ ಬಂದರೆ, ನಾನು ಮೊದಲು ನೋಡುವುದು ಅದರ ಮೆಮೊರಿ. ಕಾರ್ಡಿಗೆ ಎಷ್ಟು ಮೆಮೊರಿ ಹಾಕಬೇಕೆಂಬುದು ಮನಸ್ಸಿಗೆ ಬಂದಂತೆ ಆಗುವ ತೀರ್ಮಾನವಲ್ಲ. ಸಾಮಾನ್ಯವಾಗಿ ಒಂದೊಂದು ಮೆಮೊರಿ ಚಿಪ್ 32 ಬಿಟ್ ಅಗಲದ ದಾರಿ ಬೇಡುತ್ತದೆ. 192 ಬಿಟ್ ದಾರಿಯಿರುವ ಆರ್‌ಟಿಎಕ್ಸ್ 3060ಕ್ಕೆ ಆರು ಚಿಪ್, ತಲಾ 2 ಜಿಬಿ, ಒಟ್ಟು 12. ಅದರ ನಂತರದ ಆರ್‌ಟಿಎಕ್ಸ್ 4060ದ ದಾರಿ 128 ಬಿಟ್, ಆದ್ದರಿಂದ ನಾಲ್ಕೇ ಚಿಪ್, 8 ಜಿಬಿ. ಹೊಸದು ಹಳೆಯದಕ್ಕಿಂತ ಕಡಿಮೆ ಮೆಮೊರಿಯೊಂದಿಗೆ ಬಂದದ್ದು ಹೀಗೆ. 2016ರ ಜಿಟಿಎಕ್ಸ್ 1070ರಲ್ಲಿ 8 ಜಿಬಿ ಇತ್ತು, 2025ರ ಆರ್‌ಟಿಎಕ್ಸ್ 5060ದಲ್ಲೂ 8 ಜಿಬಿಯೇ. ಒಂಬತ್ತು ವರ್ಷದ ನಂತರವೂ ಅಷ್ಟೇ ಕೊಟ್ಟು ಮಾರುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅನಿಸಿಕೆ.

ಮೆಮೊರಿ ತುಂಬಿ ಹೊರಚೆಲ್ಲಿದರೆ ಏನಾಗುತ್ತದೆಂದು ನಾನೇ ನೋಡಿದ್ದೇನೆ. 2023ರಲ್ಲಿ 1050 ಟಿಐ ಜಾಗಕ್ಕೆ ಹಾಕಿದ ಆರ್‌ಎಕ್ಸ್ 6600 ಕಾರ್ಡ್ ತನ್ನ ಸ್ವಂತ 8 ಜಿಬಿಯಿಂದ ಸೆಕೆಂಡಿಗೆ 224 ಜಿಬಿ ಓದಬಲ್ಲದು. ಅಲ್ಲಿ ಹಿಡಿಸದ್ದನ್ನು ಕಂಪ್ಯೂಟರಿನ ರ್ಯಾಮ್‌ನಿಂದ, ಕಾರ್ಡು ಕೂರುವ ಪಿಸಿಐಇ ಸ್ಲಾಟಿನ ಮೂಲಕ ತರಬೇಕು. ಈ ಕಾರ್ಡಿಗಿರುವುದು ಎಂಟೇ ಲೇನ್, ಅಂದರೆ ಮಾಹಿತಿ ಓಡುವ ಎಂಟೇ ದಾರಿ. ನನ್ನ ಬೋರ್ಡು ಪಿಸಿಐಇ 3.0, ಲೇನಿಗೆ ಸೆಕೆಂಡಿಗೆ ಹೆಚ್ಚುಕಡಿಮೆ 1 ಜಿಬಿ. 224 ಎಲ್ಲಿ, 8 ಎಲ್ಲಿ! ಗೋಡೆಯ ಚಿತ್ತಾರ ಮಸುಕಾಗಿ ಬರುತ್ತದೆ, ತಿರುಗಿದಾಗ ಆಟ ಅರೆಕ್ಷಣ ನಿಂತುಬಿಡುತ್ತದೆ. ಇಂಥ ಚಿತ್ತಾರಗಳ, ಅಂದರೆ ಟೆಕ್ಸ್‌ಚರ್‌ಗಳ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿದರೆ ಸರಿಹೋಗುತ್ತದೆ, 1080ಪಿ ಪರದೆಯಲ್ಲಿ ಆಡುವವರಿಗೆ ಇಂದಿಗೂ ಅದು ಸಾಕು. ಇವತ್ತು ಹೊಸದಾಗಿ ಕೊಳ್ಳುವುದಾದರೆ ಮಾತ್ರ ನಾನು 12 ಜಿಬಿಗೆ ಕಡಿಮೆ ಇಲ್ಲದ ಕಾರ್ಡನ್ನೇ ಹುಡುಕುತ್ತೇನೆ. ಹಳೆ ಬೋರ್ಡಿನವರು ಲೇನ್‌ಗಳ ಸಂಖ್ಯೆಯನ್ನೂ ನೋಡಲೇಬೇಕು. ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲಿ ಬರೀ ನಾಲ್ಕು ಲೇನ್, ಅದೂ 4 ಜಿಬಿ ಮೆಮೊರಿಯ ಜೊತೆ, ಪಿಸಿಐಇ 3.0 ಬೋರ್ಡಿನಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ.

ಅಂಗಡಿಯವರು ಬೇಡವೆಂದ ಎಸ್‌ಎಂಪಿಎಸ್ ಈಗ ಮೂರು ಬಗೆಯ ಭಾರ ಹೊತ್ತು ಹಾಗೇ ಇದೆ. ಬೋರ್ಡ್‌ಗಳ ಅಳತೆ, ಸ್ಕ್ರೂ ತೂತು, ಪವರ್ ಕನೆಕ್ಟರ್‌ಗಳನ್ನು ಎಲ್ಲರಿಗೂ ಒಂದಾಗಿಸಿದ ಎಟಿಎಕ್ಸ್ ಮಾನದಂಡ 1995ರದ್ದು. ಅದರಿಂದಲೇ ಯಾರದೋ ಎಸ್‌ಎಂಪಿಎಸ್ ಇನ್ಯಾರದೋ ಕ್ಯಾಬಿನೆಟ್ಟಿಗೆ ಕೂರುವುದು. ಜೋಡಿಸಿಯೇ ಮಾರುವ ಕೆಲವು ಬ್ರ್ಯಾಂಡೆಡ್ ಪಿಸಿಗಳಲ್ಲಿ ಈ ಮಾನದಂಡ ಬಿಟ್ಟು ತಮ್ಮದೇ ಕನೆಕ್ಟರ್ ಹಾಕಿರುತ್ತಾರೆ. ಅಂಥದ್ದು ಎಷ್ಟು ಅಗ್ಗವಾಗಿ ಸಿಕ್ಕರೂ ನಾನು ಕೊಳ್ಳುವುದಿಲ್ಲ. ವಾಟ್ ಲೆಕ್ಕ ಹಾಕುವಾಗ ಸರಾಸರಿಯನ್ನಷ್ಟೇ ನೋಡಬಾರದು. ದೊಡ್ಡ ಕಾರ್ಡುಗಳು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ದುಪ್ಪಟ್ಟು ವಿದ್ಯುತ್ ಎಳೆಯುತ್ತವೆ, ಬಡಕಲು ಎಸ್‌ಎಂಪಿಎಸ್ ಆ ಹೊಡೆತಕ್ಕೇ ಆರಿಹೋಗುತ್ತದೆ. 2022ರ ಎಟಿಎಕ್ಸ್ 3.0 ನಿಯಮದಲ್ಲಿ ಇಂಥ ಜಿಗಿತಗಳನ್ನು ತಡೆದುಕೊಳ್ಳಬೇಕೆಂದೇ ಬರೆದಿದೆ.

ನಮ್ಮೂರುಗಳಲ್ಲಿ ಇನ್ನೊಂದು ತೊಡಕಿದೆ. ಮನೆಮನೆಯಲ್ಲಿರುವ 600 ವಿಎ ಯುಪಿಎಸ್ ಕೊಡಬಲ್ಲದ್ದು ಸಾಮಾನ್ಯವಾಗಿ 360 ವಾಟ್, ಅದೂ ಬ್ಯಾಟರಿಯಲ್ಲಿದ್ದಾಗ ಮೆಟ್ಟಿಲು ಮೆಟ್ಟಿಲಾದ ಅಲೆ. ಒಳ್ಳೆಯ ಎಸ್‌ಎಂಪಿಎಸ್ ಗೋಡೆಯ ಕರೆಂಟಿನ ನುಣುಪಾದ ಅಲೆಯನ್ನು ಹಿಂಬಾಲಿಸಿ ವಿದ್ಯುತ್ ಎಳೆಯುವ ಸರ್ಕಿಟ್ ಇಟ್ಟುಕೊಂಡಿರುತ್ತದೆ. ಮೆಟ್ಟಿಲಲೆ ಸಿಕ್ಕಾಗ ಕೆಲವೊಮ್ಮೆ ತಬ್ಬಿಬ್ಬಾಗಿ ನಿಂತೇಬಿಡುತ್ತದೆ. ಯುಪಿಎಸ್ ಇದ್ದೂ ಕರೆಂಟ್ ಹೋದ ಕೂಡಲೇ ಕಂಪ್ಯೂಟರ್ ಆಫ್ ಆಗುತ್ತದೆ ಎಂದು ಕೊರಗುವವರು ಇದನ್ನು ಒಮ್ಮೆ ನೋಡಬೇಕು. ಶುದ್ಧ ಸೈನ್ ಅಲೆಯ ಯುಪಿಎಸ್‌ಗೆ ದುಡ್ಡು ಹೆಚ್ಚು, ಆದರೆ ಅದೂ ಪಾಯದ ಲೆಕ್ಕಕ್ಕೇ ಸೇರುತ್ತದೆ.

ಇವತ್ತು ಶುರುಮಾಡುವವರಿಗೆ ನಾನು ಹೇಳುವುದು 2022ರಲ್ಲಿ ಬಂದ ಎಎಂ5 ಸಾಕೆಟ್. 2027 ಮತ್ತು ಅದರಾಚೆಗೂ ಇದನ್ನು ಬೆಂಬಲಿಸುವುದಾಗಿ ಎಎಂಡಿ ಹೇಳಿದೆ. ರೈಜನ್ 5 7600ರಂಥ 65 ವಾಟ್‌ನ ಪ್ರೊಸೆಸರ್, ವಿದ್ಯುತ್ ಭಾಗದ ಮೇಲೆ ಬಿಸಿ ಹೊರಹಾಕುವ ಹೀಟ್‌ಸಿಂಕ್ ಇರುವ ಸಾಧಾರಣ ಬಿ650 ಬೋರ್ಡ್ ಸಾಕು. ಪ್ರೊಸೆಸರ್ ಇಲ್ಲದೆಯೂ ಬಯೋಸ್ ಬದಲಾಯಿಸುವ ಗುಂಡಿ ಬೋರ್ಡಿನ ಹಿಂಬದಿಯಲ್ಲಿದ್ದರೆ ಅದಕ್ಕೆ ಸ್ವಲ್ಪ ಹೆಚ್ಚು ಕೊಡಿ, ಮಿಣುಕುವ ಬಣ್ಣದ ದೀಪಗಳಿಗೆ ಕೊಡಬೇಡಿ. ಪಿನ್ನುಗಳು ಈಗ ಪ್ರೊಸೆಸರಿನಲ್ಲಿಲ್ಲ, ಬೋರ್ಡಿನ ಸಾಕೆಟ್ಟಿನಲ್ಲಿವೆ; ಅಲ್ಲಿಗೆ ಬೆರಳು ತಾಗಿಸಬೇಡಿ.

ಕಷ್ಟವಿರುವುದು ರ್ಯಾಮ್‌ನಲ್ಲಿ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ಮೆಮೊರಿ ತಯಾರಕರು ಆ ಕಡೆ ವಾಲಿದ್ದರಿಂದ 2025ರ ಕೊನೆಗೆ ಬೆಲೆ ಗಗನಕ್ಕೇರಿತು. ಮೈಕ್ರಾನ್ ಕಂಪನಿ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಶಿಯಲ್ ರ್ಯಾಮ್‌ಗಳನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರ್‌ನಲ್ಲಿ ಹೇಳಿತು. ಒಂದರ ಬದಲು ಎರಡು ಸ್ಟಿಕ್ ಹಾಕಿದರೆ ದಾರಿ ಎರಡಾಗಿ ವೇಗ ಹೆಚ್ಚುತ್ತದೆ, ಹಾಗಾಗಿ ಜೋಡಿಯಾಗಿಯೇ ಕೊಳ್ಳಿ ಎನ್ನುವುದು ಎಲ್ಲರ ಸಲಹೆ. ಕೈ ಬಿಗಿಯಿದ್ದಾಗ ನಾನು ಅದನ್ನು ಒಪ್ಪುವುದಿಲ್ಲ. ಎರಡೇ ಸ್ಲಾಟ್‌ನ ಬೋರ್ಡಿಗೆ 8 ಜಿಬಿಯ ಎರಡು ಹಾಕಿದರೆ ಮುಂದೆ ಎರಡನ್ನೂ ಕಿತ್ತು ಮಾರಬೇಕು. 16 ಜಿಬಿಯ ಒಂದೇ ಸ್ಟಿಕ್ ಹಾಕಿ, ಪಕ್ಕದ ಸ್ಲಾಟ್ ಖಾಲಿ ಬಿಟ್ಟು, ಬೆಲೆ ಇಳಿಯುವ ತನಕ ಸ್ವಲ್ಪ ನಿಧಾನವನ್ನು ಸಹಿಸಿಕೊಳ್ಳುವುದು ಮೇಲು. 2018ರಲ್ಲಿ ನಾನೂ ಒಂದೇ ಸ್ಟಿಕ್ಕಿನಿಂದ ಶುರುಮಾಡಿದವನು, ಎರಡನೆಯದು ಬಂದದ್ದು ಮರುವರ್ಷ.

ನನ್ನ ಯಂತ್ರದಿಂದ ಹೊರಬಂದ 2600 ಮತ್ತು 1050 ಟಿಐ ಹತ್ತಿ ಸುತ್ತಿದ ಡಬ್ಬಿಯಲ್ಲಿ ಕೂತಿದ್ದವು. ಅಕ್ಕನ ಮಗನಿಗೆ ಈ ರಜೆಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಬಿ450 ಬೋರ್ಡು ಸಿಕ್ಕಿದೆ. ಎರಡನ್ನೂ ಅವನಿಗೆ ಕೊಟ್ಟಿದ್ದೇನೆ. ಎಸ್‌ಎಂಪಿಎಸ್ ಮಾತ್ರ ಹೊಸದೇ ಬೇಕೆಂದು ಹೇಳಿದ್ದೇನೆ, ಅದನ್ನು ಕೊಳ್ಳಲು ಇಬ್ಬರೂ ಸೇರಿ ಎಸ್.ಪಿ. ರೋಡಿಗೆ ಹೋಗುವವರಿದ್ದೇವೆ.