ಹೊಗೆಸೊಪ್ಪಿಗೆ ಸುಣ್ಣ ಯಾಕೆ ಬೇಕು?

ಎಡ ಅಂಗೈ ಮೇಲೆ ಒಂದು ಚಿಟಿಕೆ ಹೊಗೆಸೊಪ್ಪು. ಡಬ್ಬಿಯ ಇನ್ನೊಂದು ಬದಿಯಿಂದ ಉಗುರಿನ ತುದಿಯಲ್ಲಿ ತೆಗೆದ ಸುಣ್ಣ. ಬಲಗೈ ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕಿ, ತಟ್ಟಿ ದೂಳು ಹಾರಿಸಿ, ಕೆಳತುಟಿ ಎಳೆದು ವಸಡಿನ ಸಂದಿಯಲ್ಲಿ ಇಟ್ಟುಕೊಂಡರೆ ಆಯಿತು. ಯಾವುದೇ ಬಸ್ ಸ್ಟ್ಯಾಂಡಿನಲ್ಲಿ, ಕಟ್ಟಡ ಏಳುತ್ತಿರುವ ಜಾಗದಲ್ಲಿ, ಹೊಲದ ಬದುವಿನಲ್ಲಿ ಇದನ್ನು ನೋಡಬಹುದು. ಸುಣ್ಣ ಯಾಕೆ ಅಂತ ಕೇಳಿ ನೋಡಿ. "ಸುಣ್ಣ ಇಲ್ದಿದ್ರೆ ಏರಲ್ಲ" ಅನ್ನುತ್ತಾರೆ. ಆ ಮಾತು ನೂರಕ್ಕೆ ನೂರು ನಿಜ. ಯಾಕೆ ನಿಜ ಅನ್ನುವುದು ಗೊತ್ತಾದರೆ ಈ ಚಟ ಹೇಗೆ ಹತ್ತುತ್ತದೆ, ಬಿಡಿಸಲು ವೈದ್ಯರು ಕೊಡುವ ಔಷಧಿ ಕೆಲವರಿಗೆ ಯಾಕೆ ನಾಟುವುದಿಲ್ಲ ಅನ್ನುವುದೂ ಗೊತ್ತಾಗುತ್ತದೆ.

ಏರುವಂತೆ ಮಾಡುವುದು ನಿಕೋಟಿನ್. ತಂಬಾಕಿನ ಗಿಡ ಅದನ್ನು ತಯಾರಿಸುವುದು ತನ್ನ ಬೇರಿನಲ್ಲಿ. ಅಲ್ಲಿಂದ ಎಲೆಗೆ ಸಾಗಿಸಿ ಕೂಡಿಡುತ್ತದೆ. ಎಲೆ ತಿನ್ನಲು ಬರುವ ಹುಳುವಿನ ನರಮಂಡಲವನ್ನು ಕೆಡಿಸುವ ವಿಷ ಇದು. ಒಂದು ಕಾಲದಲ್ಲಿ ರೈತರು ಇದನ್ನೇ ಕೀಟನಾಶಕವಾಗಿ ಸಿಂಪಡಿಸುತ್ತಿದ್ದರು. ರಾಸಾಯನಿಕವಾಗಿ ನಿಕೋಟಿನ್ ಒಂದು ಪ್ರತ್ಯಾಮ್ಲ, ಅಂದರೆ ಆಮ್ಲಕ್ಕೆ ವಿರುದ್ಧ ಗುಣದ್ದು. ಸುತ್ತ ಆಮ್ಲವಿದ್ದರೆ ಅದು ಪ್ರೋಟಾನ್ ಒಂದನ್ನು ಅಂಟಿಸಿಕೊಂಡು ವಿದ್ಯುದಾವೇಶ ಪಡೆಯುತ್ತದೆ. ನಮ್ಮ ಜೀವಕೋಶಗಳ ಹೊದಿಕೆ ಕೊಬ್ಬಿನಿಂದ ಆದದ್ದು, ಆವೇಶವಿರುವ ಕಣಗಳನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಸುತ್ತ ಕ್ಷಾರವಿದ್ದರೆ ನಿಕೋಟಿನ್ ಆವೇಶವಿಲ್ಲದೆ ಇರುತ್ತದೆ, ಕೆನ್ನೆಯ ಒಳಪದರವನ್ನು ದಾಟಿ ನೇರ ರಕ್ತಕ್ಕೆ ಇಳಿಯುತ್ತದೆ.

ಲೆಕ್ಕ ಹಾಕಿದರೆ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಕಾಣುತ್ತದೆ. ಆಮ್ಲ-ಕ್ಷಾರವನ್ನು ಅಳೆಯುವ ಮಾಪನ ಪಿಎಚ್: 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಹೆಚ್ಚಿದ್ದರೆ ಕ್ಷಾರ. ಪಿಎಚ್ 6 ಇದ್ದಲ್ಲಿ ನೂರು ನಿಕೋಟಿನ್ ಅಣುಗಳಲ್ಲಿ ದಾಟಬಲ್ಲ ಸ್ಥಿತಿಯಲ್ಲಿರುವುದು ಸುಮಾರು ಒಂದು. ಪಿಎಚ್ 8ಕ್ಕೆ ಬಂದರೆ ಅರ್ಧದಷ್ಟು, 9 ಆದರೆ ಹತ್ತಿರ ಹತ್ತಿರ ತೊಂಬತ್ತು. ನಮ್ಮ ಜೊಲ್ಲು ಸಾಮಾನ್ಯವಾಗಿ 7ರ ಆಸುಪಾಸಿನಲ್ಲಿರುತ್ತದೆ. ಸುಣ್ಣದ ತಿಳಿಯ ಪಿಎಚ್ 12ಕ್ಕೂ ಮೇಲೆ. ಉಗುರ ತುದಿಯ ಆ ಸುಣ್ಣ ಅದೇ ಎಲೆಯ ಅದೇ ನಿಕೋಟಿನ್ನನ್ನು ಎಷ್ಟೋ ಪಟ್ಟು ಜೋರು ಮಾಡುತ್ತದೆ. ಪ್ರಯೋಗಶಾಲೆ ಇಲ್ಲದೆಯೇ ನಮ್ಮ ಜನ ಇದನ್ನು ತಲೆಮಾರುಗಳ ಹಿಂದೆಯೇ ಕಂಡುಕೊಂಡಿದ್ದರು.

ಸಿಗರೇಟಿನದ್ದು ಇದಕ್ಕೆ ತಿರುವುಮುರುವು. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವ ವರ್ಜೀನಿಯಾ ಎಲೆಯನ್ನು ಬ್ಯಾರನ್ ಎಂಬ ಒಣಗಿಸುವ ಕೋಣೆಗಳಲ್ಲಿ ಬಿಸಿಗಾಳಿಯಿಂದ ಹದ ಮಾಡುತ್ತಾರೆ. ಆಗ ಎಲೆಯ ಪಿಷ್ಟ ಸಕ್ಕರೆಯಾಗುತ್ತದೆ, ಅದನ್ನು ಸುಟ್ಟಾಗ ಬರುವ ಹೊಗೆ ತುಸು ಆಮ್ಲೀಯವಾಗಿರುತ್ತದೆ. ಆ ಹೊಗೆ ಬಾಯಲ್ಲಿದ್ದರೆ ನಿಕೋಟಿನ್ ಹೆಚ್ಚು ಒಳಹೋಗುವುದಿಲ್ಲ. ಆದರೆ ಗಂಟಲು ಅಷ್ಟಾಗಿ ಉರಿಯದ ಕಾರಣ ಎದೆಯ ತುಂಬ ಎಳೆದುಕೊಳ್ಳಬಹುದು. ಶ್ವಾಸಕೋಶದ ಹರವು ಅಪಾರ, ಅಲ್ಲಿನ ಪಿಎಚ್ ಕೂಡ ಅನುಕೂಲಕರ. ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ.

"ನಾನು ಸೇದಲ್ಲಪ್ಪ, ಬರೀ ಹಾಕ್ಕೊಳ್ತೀನಿ" ಅನ್ನುವವರು ತಮ್ಮದು ಸಣ್ಣ ಚಟ ಅಂತ ನಂಬಿರುತ್ತಾರೆ. ಅಮೆರಿಕದ ವೈದ್ಯ ಸಂಶೋಧಕ ನೀಲ್ ಬೆನೊವಿಟ್ಸ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಯಲ್ಲಿಡುವ ತಂಬಾಕನ್ನೂ ಸಿಗರೇಟನ್ನೂ ಹೋಲಿಸಿ ನೋಡಿದ್ದರು. ರಕ್ತದಲ್ಲಿ ನಿಕೋಟಿನ್ ಮುಟ್ಟುವ ಗರಿಷ್ಠ ಮಟ್ಟ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಸಿಗರೇಟಿನದು ಬೇಗ ಏರಿ ಬೇಗ ಇಳಿದರೆ, ಬಾಯಲ್ಲಿಟ್ಟದ್ದು ನಿಧಾನಕ್ಕೆ ಏರಿ ಬಹಳ ಹೊತ್ತು ಅಲ್ಲೇ ನಿಲ್ಲುತ್ತದೆ. ಒಟ್ಟಾರೆ ದೇಹ ಸೇರುವ ನಿಕೋಟಿನ್ ಸಿಗರೇಟಿನದಕ್ಕಿಂತ ಸುಮಾರು ಎರಡರಷ್ಟು. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8, ಹೊಗೆರಹಿತ ತಂಬಾಕು ಬಳಸುವವರು ಶೇ 16.3. ನಮ್ಮ ಎಚ್ಚರಿಕೆಯ ಮಾತುಗಳೆಲ್ಲ ಧೂಮಪಾನದ ಸುತ್ತಲೇ ತಿರುಗುತ್ತವೆ. ಅದರ ಸುಮಾರು ಎರಡರಷ್ಟು ಜನ ಅಂಗೈಯಲ್ಲಿ ತಿಕ್ಕುತ್ತಿದ್ದಾರೆ, ಎಲೆಅಡಿಕೆ ಜೊತೆ ಕಡ್ಡಿಪುಡಿ ಹಾಕುತ್ತಿದ್ದಾರೆ, ಗಡಿಭಾಗದಲ್ಲಿ ಮಿಶ್ರಿ ಎಂಬ ಹುರಿದ ತಂಬಾಕಿನ ಪುಡಿಯನ್ನು ಹಲ್ಲಿಗೆ ಉಜ್ಜುತ್ತಿದ್ದಾರೆ. ಸಿಗರೇಟು ಮುಟ್ಟದ ಎಷ್ಟೋ ಹೆಂಗಸರು ಇದರಲ್ಲಿದ್ದಾರೆ. ಬಸುರಿನಲ್ಲಿ ಹೊಗೆಸೊಪ್ಪು ಹಾಕಿದರೆ ಕೂಸಿನ ತೂಕ ಕಡಿಮೆಯಾಗುತ್ತದೆ, ಹೊಟ್ಟೆಯಲ್ಲೇ ಸಾಯುವ ಅಪಾಯ ಹೆಚ್ಚುತ್ತದೆ ಅನ್ನುವುದನ್ನು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ.

ಮಿದುಳಿಗೆ ಹೋದ ನಿಕೋಟಿನ್ ಅಲ್ಲಿ ಮಾಡುವುದೇನು? ನರಕೋಶಗಳು ಪರಸ್ಪರ ಮಾತಾಡಲು ಬಳಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಹಿಡಿದುಕೊಳ್ಳಲು ಕೋಶಗಳ ಮೇಲೆ ಗ್ರಾಹಕಗಳಿವೆ. ನಿಕೋಟಿನ್ ಅದೇ ಗ್ರಾಹಕಗಳಲ್ಲಿ ಹೋಗಿ ಕೂರುತ್ತದೆ. ಅದರಿಂದ ಡೋಪಮೈನ್ ಎಂಬ ಇನ್ನೊಂದು ರಾಸಾಯನಿಕ ಬಿಡುಗಡೆಯಾಗಿ 'ಇದು ಒಳ್ಳೆಯದು, ಮತ್ತೆ ಬೇಕು' ಅನ್ನುವ ಪಾಠ ಮಿದುಳಿನಲ್ಲಿ ಗಟ್ಟಿಯಾಗುತ್ತದೆ. ದಿನವೂ ನಿಕೋಟಿನ್ ಬರುತ್ತಿದ್ದರೆ ಗ್ರಾಹಕಗಳು ಜಡವಾಗುತ್ತವೆ, ಅದಕ್ಕೆ ಪ್ರತಿಯಾಗಿ ಅವುಗಳ ಸಂಖ್ಯೆಯೇ ಹೆಚ್ಚುತ್ತದೆ. ಪಂಕ್ತಿಯಲ್ಲಿ ದುಪ್ಪಟ್ಟು ಎಲೆ ಹಾಕಿ ಜನರನ್ನು ಕೂರಿಸಿ, ಬಡಿಸುವವರು ಬರದೇ ಹೋದರೆ ಏನಾದೀತೋ ಬಿಟ್ಟವನ ತಲೆಯಲ್ಲಿ ಆಗುವುದೂ ಅದೇ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ರಾತ್ರಿ ಮಲಗಿ ಎದ್ದಾಗ ಅದು ತಳ ಕಂಡಿರುತ್ತದೆ, ಹಾಗಾಗಿಯೇ ಮುಖ ತೊಳೆಯುವ ಮೊದಲೇ ಕೈ ಡಬ್ಬಿಯ ಕಡೆ ಹೋಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಬೇಕೇ ಬೇಕು ಅನ್ನಿಸಿದರೆ ಚಟ ಗಾಢವಾಗಿದೆ ಅಂತ ವೈದ್ಯರು ಎಣಿಸುತ್ತಾರೆ.

ಬಿಟ್ಟ ಮೇಲೆ ಸಿಡುಕು, ನಿದ್ದೆಗೇಡು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಮೊದಲ ಕೆಲವು ದಿನಗಳಲ್ಲಿ ಅತಿ ಹೆಚ್ಚು. ಮೂರು-ನಾಲ್ಕು ವಾರದಲ್ಲಿ ಬಹುತೇಕ ತಗ್ಗುತ್ತವೆ. ಹೆಚ್ಚಿದ್ದ ಗ್ರಾಹಕಗಳು ಮಾಮೂಲು ಮಟ್ಟಕ್ಕೆ ಮರಳಲು ಕೆಲವು ವಾರಗಳಿಂದ ಮೂರು ತಿಂಗಳವರೆಗೆ ಹಿಡಿಯುತ್ತದೆ. ಮನೆಯವರು "ಗಟ್ಟಿ ಮನಸ್ಸು ಮಾಡು" ಅಂತ ಗದರಿಸುವ ಹೊತ್ತಿನಲ್ಲಿ ಅವನ ಮಿದುಳಿನಲ್ಲಿ ನಡೆಯುತ್ತಿರುವುದು ಇಷ್ಟು ದೊಡ್ಡ ಬದಲಾವಣೆ.

ನಿಕೋಟಿನ್ ಕಟ್ಟಿಹಾಕುತ್ತದೆ, ಕೊಲ್ಲುವುದು ಹೆಚ್ಚಾಗಿ ಅದರ ಜೊತೆಗೆ ಬರುವವು. ಎಲೆಯನ್ನು ಹದ ಮಾಡಿ, ಹುದುಗಿಸಿ, ಕೂಡಿಡುವಾಗ ನೈಟ್ರೋಸಮೈನ್ ಎಂಬ ಕ್ಯಾನ್ಸರ್‌ಕಾರಕಗಳು ಹುಟ್ಟಿಕೊಳ್ಳುತ್ತವೆ. ಬೆಂಕಿ ಬೇಕಿಲ್ಲ, ಹೊಗೆ ಬೇಕಿಲ್ಲ. ಹೊಗೆರಹಿತ ತಂಬಾಕು ಬಾಯಿ, ಅನ್ನನಾಳ, ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ನಿಸ್ಸಂದೇಹವಾಗಿ ಹೇಳಿದೆ. ಭಾರತದಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಕೆನ್ನೆ ಮತ್ತು ವಸಡಿನ ನಡುವಿನ ಸಂದಿಯಲ್ಲಿ, ಅಂದರೆ ಸೊಪ್ಪು ಇಟ್ಟುಕೊಳ್ಳುವ ಜಾಗದಲ್ಲೇ. ಸುಣ್ಣ ಆ ಪದರವನ್ನು ಪದೇ ಪದೇ ಸುಡುತ್ತದೆ. ಅಡಿಕೆಯ ಪಾಲು ಬೇರೆ: ಅದು ಕೆನ್ನೆಯ ಒಳಗಿನ ಅಂಗಾಂಶವನ್ನು ನಾರುಗಟ್ಟಿಸುತ್ತದೆ. ಖಾರ ಸೋಕಿದರೆ ಉರಿ, ಆಮೇಲೆ ಕೆನ್ನೆ ಬಿಗಿದು ಬಾಯಿ ತೆರೆಯುವುದೇ ಕಷ್ಟ. ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲು ಆಗುತ್ತದೆಯೇ ನೋಡಿಕೊಳ್ಳಿ. ಆಗದಿದ್ದರೆ ದಂತವೈದ್ಯರಿಗೆ ತೋರಿಸಬೇಕು. ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು 2004ರಲ್ಲೇ ಪಟ್ಟಿಯಾಗಿದೆ. ಅಡಿಕೆಯನ್ನೇ ನಂಬಿದ ನಾಡಿನಲ್ಲಿ ಈ ಮಾತು ಕಹಿ, ಆದರೂ ಮುಚ್ಚಿಡುವಂತಿಲ್ಲ.

2013ರ ಮೇ ಕೊನೆಯಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಅಂಗಡಿಯಲ್ಲಿ ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಒಟ್ಟಿಗೆ ಹರಿದು ಬಾಯಿಗೆ ಸುರಿದುಕೊಂಡರೆ ಅದೇ ಗುಟ್ಕಾ.

ಬಿಡಬೇಕು ಅನ್ನುವವರಿಗೆ ನಿಕೋಟಿನ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ನೈಟ್ರೋಸಮೈನ್‌ಗಳ ಹೊರೆ ಇಲ್ಲದೆ ಅಳೆದ ನಿಕೋಟಿನ್ ಕೊಟ್ಟು ಚಡಪಡಿಕೆ ತಗ್ಗಿಸುವುದು ಅದರ ಕೆಲಸ. "ತಿಂದೆ, ಏನೂ ಆಗ್ಲಿಲ್ಲ" ಅಂತ ಬಿಸಾಡುವವರು ಬಹಳ. ಇಲ್ಲಿಯೂ ಅದೇ ಸುಣ್ಣದ ಲೆಕ್ಕ. ಗಮ್‌ನಲ್ಲಿ ಸುಣ್ಣದ ಬದಲು ಸೌಮ್ಯವಾದ ಕಾರ್ಬೊನೇಟ್ ಇರುತ್ತದೆ, ಬಾಯನ್ನು ತುಸು ಕ್ಷಾರೀಯ ಮಾಡಲು. ಕಾಫಿ, ಮಜ್ಜಿಗೆ, ನಿಂಬೆ ಪಾನಕ ಕುಡಿದ ಕೂಡಲೇ ಅಗಿದರೆ ಆಮ್ಲ ಅದನ್ನು ಕೆಡಿಸುತ್ತದೆ, ನಿಕೋಟಿನ್ ಜೊಲ್ಲಿನ ಜೊತೆ ಹೊಟ್ಟೆಗಿಳಿದು ಬರೀ ಬಿಕ್ಕಳಿಕೆ ಬರುತ್ತದೆ. ಹದಿನೈದು ನಿಮಿಷ ಮೊದಲಿನಿಂದ ಏನೂ ತಿನ್ನಬಾರದು, ನೀರು ಬಿಟ್ಟು ಏನೂ ಕುಡಿಯಬಾರದು. ಒಂದೇ ಸಮನೆ ಅಗಿಯಲೂಬಾರದು. ನಿಧಾನಕ್ಕೆ ಅಗಿದು, ನಾಲಿಗೆ ಚುರುಗುಟ್ಟಿದಾಗ ಕೆನ್ನೆಗೆ ಒತ್ತರಿಸಿ, ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಬಾಯಿ ಬಿಗಿದವರಿಗೆ ಚರ್ಮಕ್ಕೆ ಅಂಟಿಸುವ ಪಟ್ಟಿ ಇದೆ. ವೈದ್ಯರು ಬರೆದುಕೊಡುವ ಮಾತ್ರೆಗಳೂ ಇವೆ.

ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಶುರುವಾದ ಅಧ್ಯಯನವೊಂದರಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕಿನಲ್ಲಿ ಬಾಯಿ ತೆರೆಸಿ ನೋಡಿದರು, ಅಷ್ಟೇ. ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದರಷ್ಟು ಇಳಿಯಿತು. ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು-ಮೂರು ವಾರವಾದರೂ ಮಾಯದ ಹುಣ್ಣು ಇದೆಯೇ ಎಂದು ಕನ್ನಡಿ ಮುಂದೆ ನಿಂತು ನಾವೇ ನೋಡಿಕೊಳ್ಳಬಹುದು. ತಂಬಾಕು ಬಿಟ್ಟರೆ ಬಿಳಿ ಮಚ್ಚೆಗಳು ಎಷ್ಟೋ ಜನರಲ್ಲಿ ಕುಗ್ಗುತ್ತವೆ, ಕೆಲವರಲ್ಲಿ ಪೂರ್ತಿ ಹೋಗುತ್ತವೆ. ಬಿಡಲು ನೆರವು ಬೇಕಾದವರು ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು. ತಂಬಾಕಿನ ಪೊಟ್ಟಣದ ಮೇಲೆಯೇ ಈ ಸಂಖ್ಯೆ ಇರುತ್ತದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು.