ಗುಡ್‌ಬೈನಲ್ಲಿದ್ದ ದೇವರು

'ಗುಡ್ ಮಾರ್ನಿಂಗ್' ಎಂದರೆ ಬೆಳಗು ಚೆನ್ನಾಗಿರಲಿ, 'ಗುಡ್ ನೈಟ್' ಎಂದರೆ ರಾತ್ರಿ ಚೆನ್ನಾಗಿರಲಿ. ಹಾಗಾದರೆ 'ಗುಡ್‌ಬೈ' ಎನ್ನುವಾಗ ಚೆನ್ನಾಗಿರಬೇಕಾದ ಆ 'ಬೈ' ಯಾವುದು? ಅಂಥದ್ದೊಂದು ಇಲ್ಲವೇ ಇಲ್ಲ. ಅಲ್ಲಿರುವ 'ಗುಡ್' ಕೂಡ ನಂತರ ಬಂದು ಸೇರಿಕೊಂಡದ್ದು.

ಹಿಂದೆ ಇಂಗ್ಲೆಂಡಿನಲ್ಲಿ ಬೀಳ್ಕೊಡುವಾಗ 'ಗಾಡ್ ಬಿ ವಿತ್ ಯೀ' ಎನ್ನುತ್ತಿದ್ದರು. ದೇವರು ನಿಮ್ಮ ಜೊತೆಗಿರಲಿ ಎಂಬ ಹಾರೈಕೆ. ಸದಾ ಬಾಯಲ್ಲಿರುವ ಇಂಥ ಮಾತನ್ನು ಯಾರೂ ಬಿಡಿಸಿ ಬಿಡಿಸಿ ಹೇಳುವುದಿಲ್ಲ. ಅರ್ಧ ಕೇಳುವಷ್ಟರಲ್ಲಿ ಎದುರಿನವರಿಗೆ ಪೂರ್ತಿ ತಿಳಿದಿರುತ್ತದೆ, ನಾಲಿಗೆಗೆ ಅಷ್ಟು ಸಲಿಗೆ ಸಾಕು. 'ವಿತ್' ಪದದ ಕೊನೆಯ ವ್ಯಂಜನ ಬಿದ್ದುಹೋಯಿತು, 'ಬಿ'ಯ ಸ್ವರ ಕರಗಿತು. ಬಕಾರ, ವಕಾರ ಎರಡಕ್ಕೂ ತುಟಿಯೇ ಬೇಕು, ಹಾಗಾಗಿ ಅವೆರಡೂ ಒಂದಕ್ಕೊಂದು ಅಂಟಿಕೊಂಡವು. ಗೇಬ್ರಿಯಲ್ ಹಾರ್ವೆ ಎಂಬ ವಿದ್ವಾಂಸ 1573ರಲ್ಲಿ ಬರೆದ ಪತ್ರದಲ್ಲಿ ಈ ಮಾತು ಆಗಲೇ 'ಗಾಡ್‌ಬ್ವೈ' ಆಗಿದೆ. ನಿನ್ನ ಒಂದು ಗ್ಯಾಲನ್ ಗಾಡ್‌ಬ್ವೈಗಳಿಗೆ ಪ್ರತಿಯಾಗಿ ಒಂದು ಪಾಟಲ್ ಹೌಡಿಗಳನ್ನು ಕಳಿಸುತ್ತೇನೆ ಎಂದು ಆತ ತಮಾಷೆ ಮಾಡುತ್ತಾನೆ. ಪಾಟಲ್ ಎಂದರೆ ಅರ್ಧ ಗ್ಯಾಲನ್. ಆಸಾಮಿ ಹಾರೈಕೆಯಲ್ಲೂ ಜಿಪುಣ! 'ಹೌಡಿ'ಯೂ 'ಹೌ ಡೂ ಯೀ', ಅಂದರೆ ಹೇಗಿದ್ದೀರಿ ಎಂಬ ಮಾತು ಸವೆದು ಉಳಿದದ್ದೇ. 1623ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕದಲ್ಲಂತೂ ಇದು 'ಗಾಡ್ ಬೈ ಯೀ' ಎಂದಿದೆ, ಅದೂ ಕೊಂಡುಕೊಳ್ಳುವ 'ಬೈ'ಯ ಕಾಗುಣಿತದಲ್ಲಿ.

ಇಷ್ಟಕ್ಕೆ ನಾಲಿಗೆಯ ಸೋಮಾರಿತನವೇ ಕಾರಣ ಎನ್ನಬಹುದು. ಆದರೆ 'ಗಾಡ್' ಹೋಗಿ 'ಗುಡ್' ಬಂದದ್ದಕ್ಕೆ ಆ ಕಾರಣ ಸಾಲದು. ಇವೆರಡೂ ಒಂದೇ ಮೂಲದ ಪದಗಳೆಂದು ಹಲವರು ನಂಬಿದ್ದಾರೆ, ಅದು ತಪ್ಪು. ಹಳೆಯ ಇಂಗ್ಲಿಷಿನಲ್ಲಿ ದೇವರ ಪದಕ್ಕೆ ಹ್ರಸ್ವ ಒಕಾರ, ಒಳ್ಳೆಯದರ ಪದಕ್ಕೆ ದೀರ್ಘ ಓಕಾರ ಇತ್ತು. 'ಗೋದ್' ಎಂಬಂತಿದ್ದ ಆ ದೀರ್ಘ ಸ್ವರ ಮುಂದೆ ಊಕಾರವಾಗಿ, ಮತ್ತೆ ಗಿಡ್ಡವಾಗಿ, ಇಂದಿನ 'ಗುಡ್' ಆಯಿತು. ದೇವರ ಪದದ ಸ್ವರ ಆ ದಾರಿ ಹಿಡಿಯಲೇ ಇಲ್ಲ. ಅಂದಮೇಲೆ ಇಲ್ಲಿ ಒಂದು ಧ್ವನಿ ಇನ್ನೊಂದಾಗಿ ಬದಲಾಗಿಲ್ಲ, ಒಂದು ಪದವನ್ನು ತೆಗೆದು ಇನ್ನೊಂದನ್ನು ಕೂರಿಸಲಾಗಿದೆ. 'ಗುಡ್ ಡೇ', 'ಗುಡ್ ಈವನ್', 'ಗುಡ್ ನೈಟ್' ಆಗಲೇ ಬಳಕೆಯಲ್ಲಿದ್ದವು. ಒಳಗಿನ ವಾಕ್ಯವನ್ನು ಮರೆತ ಜನ ಇದೂ ಅದೇ ಸಾಲಿನದು ಎಂದುಕೊಂಡರು. ಭಾಷಾವಿಜ್ಞಾನಿಗಳು ಇದನ್ನು ಸಾದೃಶ್ಯ ಎನ್ನುತ್ತಾರೆ. ನನಗೆ ಸವೆತಕ್ಕಿಂತ ಇದೇ ಹೆಚ್ಚು ಕುತೂಹಲದ ಸಂಗತಿ, ಏಕೆಂದರೆ ಇಲ್ಲಿ ಕೆಲಸ ಮಾಡಿದ್ದು ಬಾಯಲ್ಲ, ತಲೆ.

ಬೀಳ್ಕೊಡುವಾಗ ಫ್ರೆಂಚರು ಹೇಳುವ 'ಅದ್ಯೂ', ಸ್ಪ್ಯಾನಿಷರು ಹೇಳುವ 'ಆದಿಯೋಸ್' ಪದಗಳಲ್ಲಿ ದೇವರು ('ದ್ಯೂ', 'ದಿಯೋಸ್') ಇನ್ನೂ ಕಿವಿಗೆ ಬೀಳುತ್ತಾನೆ. ಇಂಗ್ಲಿಷಿನಲ್ಲಿ ಸವೆತ ಈಗಲೂ ನಿಂತಿಲ್ಲ: ಅವಸರದ ಮಾತಿನಲ್ಲಿ 'ಗುಡ್'ನ ಡಕಾರ ಮುಂದಿನ ಬಕಾರದಲ್ಲಿ ಲೀನವಾಗಿ 'ಗುಬ್ಬೈ' ಎಂದೇ ಕೇಳಿಸುತ್ತದೆ.