ಡಿಕ್ಕಿಯಲ್ಲಿ ದುಮ್ ದುಮ್, ಸೀಟಲ್ಲಿ ಸಪ್ಪೆ

ಹೋದ ತಿಂಗಳು ಒಬ್ಬ ಹುಡುಗ ತನ್ನ ಸೆಡಾನ್ ಕಾರನ್ನು ನಮ್ಮ ವರ್ಕ್‌ಶಾಪ್‌ಗೆ ತಂದಿದ್ದ. ಡಿಕ್ಕಿ ತೆಗೆದು ಹಾಡು ಹಾಕಿದ. 12 ಇಂಚಿನ ಸಬ್‌ವೂಫರ್, ಅಂದರೆ ಬೇಸ್ ಎಂಬ ತಗ್ಗು ಸದ್ದಿಗೇ ಇರುವ ದೊಡ್ಡ ಸ್ಪೀಕರ್, ಜೊತೆಗೆ 300 ವಾಟ್ ಆಂಪ್ಲಿಫೈಯರ್. ಒಂದೊಂದು ಏಟೂ ಎದೆಗೆ ಬಂದು ಬಡಿಯುತ್ತಿತ್ತು. "ಈಗ ಒಳಗೆ ಕೂತು ಕೇಳಿ ಸರ್" ಅಂದ. ಡಿಕ್ಕಿ ಮುಚ್ಚಿ ಡ್ರೈವರ್ ಸೀಟಲ್ಲಿ ಕೂತೆ. ಎರಡು ಬೀದಿ ಆಚೆ ಯಾರೋ ಡೊಳ್ಳು ಬಾರಿಸುತ್ತಿರುವ ಹಾಗೆ ಕೇಳಿಸಿತು. "600 ವಾಟ್ ಆಂಪ್ ಹಾಕಿಬಿಡಿ ಸರ್, ದುಡ್ಡು ತಂದಿದ್ದೀನಿ."

ಬೇಡ ಅಂದೆ. ವಾಟ್ ಎರಡು ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು. ಅಷ್ಟಕ್ಕೆ ವಾಟ್ ಹತ್ತು ಪಟ್ಟು ಆಗಬೇಕು. ಅವನ ಬೇಸ್ ಡಿಕ್ಕಿಯಲ್ಲೇ ಇತ್ತು, ಸೀಟಿನ ತನಕ ಬರುತ್ತಿರಲಿಲ್ಲ, ಅಷ್ಟೆ.

ಹ್ಯಾಚ್‌ಬ್ಯಾಕ್‌ನಲ್ಲಿ ಸಬ್‌ವೂಫರ್ ಕೂರಿಸಿದ ಬಾಕ್ಸೂ ನಾವೂ ಒಂದೇ ಕೋಣೆಯಲ್ಲಿ ಇರುತ್ತೇವೆ. ಸೆಡಾನ್‌ನಲ್ಲಿ ಹಾಗಲ್ಲ. ನಡುವೆ ಹಿಂದಿನ ಸೀಟಿನ ದಪ್ಪ ಫೋಮ್, ಅದರ ಹಿಂದೆ ತಗಡು, ಮೇಲೆ ಪಾರ್ಸೆಲ್ ಟ್ರೇ, ಅಂದರೆ ಹಿಂದಿನ ಗಾಜಿನ ಕೆಳಗಿನ ಹಲಗೆ. ಹೋಂಡಾ ಸಿಟಿಯಂಥ ಕಾರಿನಲ್ಲಿ ಡಿಕ್ಕಿ 506 ಲೀಟರ್ ಇದೆ. ಅದೇ ಒಂದು ಪುಟ್ಟ ಕೋಣೆ. ಅಲ್ಲಿ ಹುಟ್ಟಿದ ಸದ್ದು ಸಂದಿಗೊಂದಿಯಲ್ಲಿ ದಾರಿ ಹುಡುಕಿಕೊಂಡು ನಮ್ಮ ಹತ್ತಿರ ಬರಬೇಕು.

ದಾರಿಯಲ್ಲಿ ಇನ್ನೊಂದು ನಷ್ಟ ಆಗುತ್ತದೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಅರ್ಧ ಸಮಸ್ಯೆ ಇರುವುದು ಇಲ್ಲೇ. ಹುಡುಗ ಬಾಕ್ಸನ್ನು ಸೀಟಿನ ಹತ್ತಿರ, ಸ್ಪೀಕರಿನ ಮುಖ ಸೀಟಿನ ಕಡೆಗೆ ಮಾಡಿ ಇಟ್ಟಿದ್ದ. ಸೀಟು ಇರುವ ಕಡೆ ಮುಖ ಮಾಡಿದರೆ ಸದ್ದೂ ಆ ಕಡೆಗೇ ಹೋಗುತ್ತೆ ಅಂತ ಎಲ್ಲರಿಗೂ ಅನ್ನಿಸುತ್ತದೆ, ಅಲ್ವಾ? ಬೇಸ್ ಟಾರ್ಚಿನ ಬೆಳಕಿನ ಹಾಗಲ್ಲ. 40 ಹರ್ಟ್ಸ್‌ನ (ಸೆಕೆಂಡಿಗೆ 40 ಸಲ ನಡುಗುವ ಸದ್ದಿನ) ಒಂದು ಅಲೆ ಎಂಟೂವರೆ ಮೀಟರ್ ಉದ್ದ, ಹೆಚ್ಚುಕಡಿಮೆ ಎರಡು ಕಾರಿನಷ್ಟು. ಅದು ಎಲ್ಲಾ ಕಡೆಗೂ ಹರಡುತ್ತದೆ. ಒಂದು ಪಾಲು ನೇರ ಸೀಟಿಗೆ ಬರುತ್ತದೆ. ಇನ್ನೊಂದು ಪಾಲು ಹಿಂದೆ ಹೋಗಿ ಡಿಕ್ಕಿಯ ಕೊನೆಗೆ ಬಡಿದು ವಾಪಸ್ ಬರುತ್ತದೆ. ಸ್ಪೀಕರಿನಿಂದ ಡಿಕ್ಕಿಯ ಕೊನೆಗೆ 1 ಮೀಟರ್ ಇದ್ದರೆ, ವಾಪಸ್ ಬಂದ ಪಾಲು 2 ಮೀಟರ್ ಜಾಸ್ತಿ ನಡೆದಿರುತ್ತದೆ. ಸುಮಾರು 86 ಹರ್ಟ್ಸ್‌ನಲ್ಲಿ ಆ 2 ಮೀಟರ್ ಸರಿಯಾಗಿ ಅರ್ಧ ಅಲೆ. ಒಂದು ಗಾಳಿಯನ್ನು ತಳ್ಳುವ ಹೊತ್ತಿಗೆ ಇನ್ನೊಂದು ಎಳೆಯುತ್ತದೆ. ಎರಡೂ ಸೇರಿ ಸಪ್ಪೆ. ಡ್ರಮ್ಮಿನ ಗುದ್ದು ಇರುವುದೇ ಆ ಜಾಗದಲ್ಲಿ.

ನಾವು ಮಾಡಿದ್ದು ಇಷ್ಟು. ಬಾಕ್ಸನ್ನು ತಿರುಗಿಸಿ, ಮುಖ ಹಿಂದಿನ ಬಂಪರ್ ಕಡೆಗೆ ಮಾಡಿ, ಡಿಕ್ಕಿಯ ಕೊನೆಗೆ ಒಂದು ಅಡಿ ಬಿಟ್ಟು ಇಟ್ಟೆವು. ಈಗ ಹೋಗಿಬರುವ ದಾರಿ 60 ಸೆಂಟಿಮೀಟರ್ ಮಾತ್ರ. ಸದ್ದು ಕಡಿದುಹೋಗುವ ಜಾಗ 280 ಹರ್ಟ್ಸ್ ದಾಟಿತು. ಸಬ್‌ವೂಫರ್ ಅಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಒಂದು ರೂಪಾಯಿ ಖರ್ಚಿಲ್ಲ. ಲೆಕ್ಕ ಹೀಗಿದ್ದರೂ ಪ್ರತಿ ಕಾರೂ ಬೇರೆ. ಅದಕ್ಕೆ ನಾನು ಬಾಕ್ಸನ್ನು ಮೂರು ನಾಲ್ಕು ಜಾಗದಲ್ಲಿ ಇಟ್ಟು, ಪ್ರತಿ ಸಲ ಡಿಕ್ಕಿ ಮುಚ್ಚಿ, ಸೀಟಲ್ಲಿ ಕೂತು ಕೇಳುತ್ತೇನೆ. ಡಿಕ್ಕಿ ತೆರೆದು ಕೇಳಿದರೆ ಏನೂ ಗೊತ್ತಾಗುವುದಿಲ್ಲ.

ಮುಖ ಮುಂದಕ್ಕೇ ಇರಬೇಕು ಅಂದರೆ ಬಾಕ್ಸಿನ ಸುತ್ತಲಿನ ಸಂದನ್ನೆಲ್ಲ ಎಂ.ಡಿ.ಎಫ್. ಹಲಗೆ, ಫೋಮ್ ಹಾಕಿ ಮುಚ್ಚಬೇಕು. ಸದ್ದು ಹಿಂದಕ್ಕೆ ಹೋಗಲೇಬಾರದು. ಸೀಟು ಮಡಚುವ ಕಾರಿಗೆ ಇದು ಬಹಳ ಚೆನ್ನಾಗಿ ಕೂರುತ್ತದೆ, ಕೆಲಸ ಮಾತ್ರ ಜಾಸ್ತಿ.

ಆಮೇಲೆ ಫೇಸ್, ಅಂದರೆ ಎರಡು ಸ್ಪೀಕರ್ ಒಟ್ಟಿಗೆ ತಳ್ಳಿ ಒಟ್ಟಿಗೆ ಎಳೆಯುತ್ತವೆಯಾ ಅನ್ನುವುದು. 80 ಹರ್ಟ್ಸ್ ಆಸುಪಾಸಿನಲ್ಲಿ ಡೋರ್ ಸ್ಪೀಕರೂ ನುಡಿಯುತ್ತದೆ, ಸಬ್ಬೂ ನುಡಿಯುತ್ತದೆ. ಒಂದು ತಳ್ಳುವಾಗ ಇನ್ನೊಂದು ಎಳೆದರೆ ಮತ್ತೆ ಅದೇ ಕಥೆ. ಆಂಪ್‌ನಲ್ಲಿ 0 ಮತ್ತು 180 ಅಂತ ಸ್ವಿಚ್ ಇರುತ್ತದೆ. ಇಲ್ಲದಿದ್ದರೆ ಆಂಪ್ ಆಫ್ ಮಾಡಿ ಸಬ್‌ನ ಪ್ಲಸ್ ಮೈನಸ್ ವೈರ್ ಅದಲುಬದಲು ಮಾಡಿ. ಒಬ್ಬರು ಮುಂದೆ ಕೂತು ಕೇಳಬೇಕು, ಇನ್ನೊಬ್ಬರು ಬದಲಿಸಬೇಕು. ಎಲ್ಲಿ ಗುದ್ದು ಜಾಸ್ತಿಯೋ ಅದೇ ಸರಿ. ಹುಡುಗನನ್ನು ಕೂರಿಸಿ ನಾನೇ ವೈರ್ ಬದಲಿಸಿದೆ. ಅವನು ಬಾಗಿಲು ತೆಗೆದು "ಸರ್, ಆಂಪ್ ಬದಲಾಯಿಸಿದ್ರಾ?" ಅಂತ ಕೇಳಿದ.

ದಾರಿ ಇನ್ನೂ ಬೇಕಾದರೆ, ಹಿಂದಿನ ಆರ್ಮ್‌ರೆಸ್ಟ್ ಹಿಂದೆ ಕಿಂಡಿ ಇದೆಯಾ ನೋಡಿ. ಪಾರ್ಸೆಲ್ ಟ್ರೇಯಲ್ಲಿ ಹಳೇ ಸ್ಪೀಕರ್ ಇದ್ದರೆ ಅದನ್ನು ತೆಗೆದು ಬರೀ ಜಾಲರಿ ಬಿಟ್ಟರೂ ಬೇಸ್ ಒಳಗೆ ಬರುತ್ತದೆ. ಆದರೆ ತಗಡು ಮಾತ್ರ ಕತ್ತರಿಸಬೇಡಿ. ಅದು ಬಾಡಿಯ ಗಟ್ಟಿತನಕ್ಕೆ ಬೇಕು. ಎಷ್ಟೋ ಕಾರುಗಳಲ್ಲಿ ಸೀಟ್ ಬೆಲ್ಟ್ ಕೂತಿರುವುದೂ ಅದರ ಮೇಲೇ. ಯಾರು ಎಷ್ಟು ಕೇಳಿದರೂ ನಾನು ಇದನ್ನು ಮಾಡಿಕೊಡುವುದಿಲ್ಲ.

ಈಗ ಗಡಗಡ ಸದ್ದು. ಬೇಸ್ ಜೋರಾದ ಕೂಡಲೇ ಹುಡುಗನ ಕಾರಿನ ಹಿಂದಿನಿಂದ ಝರ್ ಅಂತ ಶುರುವಾಯಿತು. ಫೋನಿನಲ್ಲಿ ಟೋನ್ ಆ್ಯಪ್ ಹಾಕಿ 30ರಿಂದ 80 ಹರ್ಟ್ಸ್ ತನಕ ಮೆಲ್ಲಗೆ ಏರಿಸಿದೆ. 52ಕ್ಕೆ ಬಂದಾಗ ಸದ್ದು ಜೋರಾಯಿತು. ಅಲ್ಲೇ ನಿಲ್ಲಿಸಿ, ಒಂದೊಂದೇ ಜಾಗವನ್ನು ಬೆರಳಲ್ಲಿ ಒತ್ತುತ್ತಾ ಹೋದೆ. ನಂಬರ್ ಪ್ಲೇಟಿನ ಕೆಳ ಅಂಚು ಒತ್ತಿದಾಗ ಸದ್ದು ನಿಂತುಹೋಯಿತು. ಹಿಂದೆ ಎರಡು ತುಂಡು ಫೋಮ್ ಟೇಪ್ ಅಂಟಿಸಿದೆವು. ಡಿಕ್ಕಿಯ ಮುಚ್ಚಳಕ್ಕೂ ಪಾರ್ಸೆಲ್ ಟ್ರೇ ಕೆಳಗಿನ ತಗಡಿಗೂ ನಡುಕ ತಡೆಯುವ ಡ್ಯಾಂಪಿಂಗ್ ಶೀಟ್ ಹಾಕಿ ರೋಲರ್‌ನಲ್ಲಿ ಒತ್ತಿದೆವು. ತಗಡು ನಡುಗಿದಷ್ಟೂ ಬೇಸ್ ಪೋಲಾಗುತ್ತದೆ.

ಆಂಪ್‌ನ ಗೇನ್ ನಾಬ್ ವಾಲ್ಯೂಮ್ ಅಲ್ಲ, ಸ್ಟೀರಿಯೊದಿಂದ ಬರುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ನಾಬ್. ಜಾಸ್ತಿ ತಿರುಗಿಸಿದರೆ ಸದ್ದು ಒಡೆದು ಸ್ಪೀಕರಿನ ಕಾಯಿಲ್ ಸುಟ್ಟುಹೋಗುತ್ತದೆ. ನಾವು ಸಬ್‌ನ ವೈರ್ ಬಿಚ್ಚಿ, ಬೇಸ್ ಬೂಸ್ಟ್ ಆಫ್ ಮಾಡಿ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, 50 ಹರ್ಟ್ಸ್ ಟೋನ್ ಹಾಕಿ, ಗೇನ್ ಮೆಲ್ಲಗೆ ಏರಿಸುತ್ತಾ ಆಂಪ್‌ನಿಂದ ಸಬ್‌ಗೆ ಹೋಗುವ ವೋಲ್ಟ್ ಮಲ್ಟಿಮೀಟರ್‌ನಲ್ಲಿ ಅಳೆಯುತ್ತೇವೆ. 300 ವಾಟ್, 4 ಓಮ್ ಆದರೆ ಎ.ಸಿ. ವೋಲ್ಟ್ ಸುಮಾರು 34.6 ಬರಬೇಕು. ಅಲ್ಲಿಗೆ ನಿಲ್ಲಿಸಬೇಕು. ಸಬ್‌ಗೆ 80 ಹರ್ಟ್ಸ್‌ನಿಂದ ಕೆಳಗೆ, ಡೋರ್ ಸ್ಪೀಕರಿಗೆ 80ರಿಂದ ಮೇಲೆ, ಹೀಗೆ ಹಂಚಿದರೆ ಇಬ್ಬರಿಗೂ ಹಗುರ.

ವೈರಿಂಗ್ ಬಗ್ಗೆ ಎರಡೇ ಮಾತು. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು, ಇಲ್ಲದಿದ್ದರೆ ವೈರ್ ಎಲ್ಲಾದರೂ ಶಾರ್ಟ್ ಆದಾಗ ಬೆಂಕಿ. ಅರ್ಥಿಂಗ್ ಕೊಡುವ ಕಡೆ ಪೇಂಟ್ ಕೆರೆದು ಬರೀ ಲೋಹಕ್ಕೆ ಬೋಲ್ಟ್ ಹಾಕಿ.

ಸಿ.ಎನ್.ಜಿ. ಸಿಲಿಂಡರ್ ಇರುವ ಡಿಕ್ಕಿಗೆ ನಾನು ಬಾಕ್ಸ್ ಇಡುವುದಿಲ್ಲ. ಅವರಿಗೆ ಸೀಟಿನ ಕೆಳಗೆ ಕೂರುವ ಚಪ್ಪಟೆ ಸಬ್ ಸಾಕು.

ಹುಡುಗ ಸಂಜೆ ಹೊರಟಾಗ ಅದೇ 300 ವಾಟ್ ಆಂಪ್ ಇತ್ತು. ಕೀ ಕೊಡುವ ಮುಂಚೆ ಬಾಕ್ಸಿಗೆ ಎರಡು ಬೆಲ್ಟ್ ಕಟ್ಟಿ ಡಿಕ್ಕಿಯ ಕೊಂಡಿಗೆ ಬಿಗಿದೆ. ಜೋರು ಬ್ರೇಕ್ ಹಾಕಿದರೆ 20 ಕಿಲೋ ಬಾಕ್ಸ್ ಸುಮ್ನೆ ಇರುವುದಿಲ್ಲ, ಸೀದಾ ಹಿಂದಿನ ಸೀಟಿನವರ ಬೆನ್ನಿಗೆ ನುಗ್ಗುತ್ತದೆ. "ಹಿಂದೆ ಅಮ್ಮ ಕೂರ್ತಾರೆ ಸರ್" ಅಂದ. ಇನ್ನೊಮ್ಮೆ ಎಳೆದು ಬಿಗಿದೆ.